ಹಿಂಗಾಲಿನ ರುಜು

ಅಲ್ಲಿ ನಿಲ್ಲಬೇಡ ಪುಟ್ಟೀ, ಅದು ಕಸದ ಗಾಡಿಯ ಜಾಗ.
ಕಬ್ಬಿಣದ ಕಂಬಿಯ ಈಚೆ ಬಾ.
ಕ್ಲೈಡ್ ನದಿಯ ಗಾಳಿ ನೇರ ನುಗ್ಗುವ ಈ ಓಣಿಯಲ್ಲಿ
ಬೆಚ್ಚಗಿರುವುದು ಇದೊಂದೇ ಮೊಳ,
ಒಳಗಿನ ಬಾಯ್ಲರು ಗೋಡೆಯೊಳಗಿಂದ ಉಸಿರು ಬಿಡುತ್ತದೆ.
ನಿನ್ನಮ್ಮನೂ ನಿಲ್ಲಲಿ. ಹೆಸರೇನೆಂದೆ? ಮೋರ್ವೆನ್.
ನಾನು ಐಲ್ಸ. ಹತ್ತೊಂಬತ್ತು ಚಳಿಗಾಲದಿಂದ
ಈ ಹಿಂಬಾಗಿಲು, ಬೀಗದ ಗೊಂಚಲು, ಮುರುಕು ಸ್ಟೂಲು
ನನ್ನವು.

ಮೊದಲು ಪೆನ್ನು ತೋರಿಸು.
ಇದು ಬರೆಯುವುದಿಲ್ಲ, ಚಳಿಗೆ ಇಂಕು ಹೆಪ್ಪುಗಟ್ಟಿದೆ.
ಕಂಕುಳಲ್ಲಿ ಇಟ್ಟುಕೋ, ಕಾವು ಕೊಡು.
ಪುಟ ಈಗಲೇ ತೆರೆದಿಡು,
ಅವರು ಎದುರು ಬಂದಮೇಲೆ ಚೀಲ ತಡಕಿದರೆ
ಹಿಂದಿನವರು ಬೈಯುತ್ತಾರೆ.
ಗ್ಲಾಸ್ಗೋದ ಬೈಗುಳ ಬಹಳ ಉದ್ದ,
ನಿನ್ನ ವಯಸ್ಸಿಗೆ ಹೆಚ್ಚು.

ಚೆನ್ನಾಗಿತ್ತು ಅಂದರೆ ಸಾಕು.
ಯಾವುದು ಚೆನ್ನಾಗಿತ್ತು ಅಂತ ಹೇಳಿದರೆ ಇನ್ನೂ ಒಳ್ಳೆಯದು.
ಹೋದ ವರ್ಷದವಳ ಹಾಡೇ ಹಾಡು ಅನ್ನಬೇಡ.
ಒಬ್ಬಾತ ಅಂದ, ಮೀಸೆ ನರೆತವನು.
ಆ ಹುಡುಗಿ ನಕ್ಕಳು, ರುಜು ಹಾಕಿದಳು, ಒಳಗೆ ಬಂದು
ನನ್ನ ಹೀಟರಿನ ಮುಂದೆ ಕೂತು
ಒಂದು ಬನ್ನನ್ನು ಪೂರ್ತಿ ಪುಡಿ ಮಾಡಿದಳು. ತಿನ್ನಲಿಲ್ಲ.

ಮುಟ್ಟಬೇಡ. ಬಣ್ಣ ಉಜ್ಜಿ ತೆಗೆದ ಮುಖ
ಈಗಷ್ಟೇ ಸುಲಿದದ್ದು, ಗಾಳಿ ತಾಗಿದರೂ ಉರಿ.

ಅಗೋ ಆ ಕಂದು ಕೋಟಿನವ,
ಕೈಯಲ್ಲಿ ಒಂದೇ ಫೋಟೋದ ಹನ್ನೆರಡು ಪ್ರತಿ.
ನಾಟಕ ಯಾವುದು ಕೇಳು, ತಡವರಿಸುತ್ತಾನೆ.
ನಾಳೆ ಬೆಳಿಗ್ಗೆಗೆ ಹನ್ನೆರಡೂ ಮಾರಾಟಕ್ಕೆ.
ಅವನ ಮೊಣಕೈ ಬಂದರೆ ನಿನ್ನದನ್ನೂ ಚಾಚು,
ಅಷ್ಟು ಅವಿನಯಕ್ಕೆ ನನ್ನ ಅಪ್ಪಣೆಯಿದೆ.

ಇನ್ನೊಂದು.
ಟಿಕೆಟ್ಟಿಗೆ ಸಿಕ್ಕಿದ್ದು ಎರಡೂವರೆ ಗಂಟೆ,
ಅಲ್ಲಿಗೆ ಲೆಕ್ಕ ಚುಕ್ತಾ. ಇಲ್ಲಿ ಸಿಕ್ಕರೆ ಅದು ಕೊಸರು.
ಕೊಸರು ಕೇಳಬಹುದು,
ತಕ್ಕಡಿ ಹಿಡಿದು ಜಗ್ಗಬಾರದು.

ಇಷ್ಟು ಹೇಳಿದೆ. ಹೇಳದೆ ಉಳಿಸಿಕೊಂಡದ್ದು:
ವಿರಾಮದಲ್ಲಿ ಫೋನು ಬಂತು, ಎತ್ತಿದ್ದು ನಾನೇ.
ರಾಜಕುಮಾರಿ ಉಳಿದ ಅಂಕ ಪೂರ್ತಿ ಕುಣಿದು
ಉಣ್ಣೆ ಟೋಪಿ ಕಿವಿಗೆಳೆದು
ಮುಂಬಾಗಿಲಿಂದ, ಜನರ ನಡುವೆಯೇ, ಆಸ್ಪತ್ರೆಗೆ ಹೋದಳು.
ಈ ಮಗುವಿನ ಭುಜ ಸವರಿಕೊಂಡೇ ಹೋಗಿರಬೇಕು.

ಅವಳು ಹೊರಟುಹೋದಳು ಪುಟ್ಟೀ, ಅಂದೆ.
ಕಂದು ಕೋಟು ಓಣಿಗೆ ಉಗಿದು ನಡೆಯಿತು.
ಒಬ್ಬೊಬ್ಬರಾಗಿ ಕರಗಿದರು.
ತಾಯಿ ಬಸ್ಸಿನ ಹೊತ್ತು ನೋಡಿದಳು.

ಆಗ ಸೈಕಲ್ಲು ತಳ್ಳಿಕೊಂಡು ಬಂದ ಕೋಲಂ,
ಸೊಂಟ ಇನ್ನೂ ಅರ್ಧ ಬಗ್ಗಿದ ಹಾಗೇ.
ದಾರಿ ಬಿಡಿ ಅನ್ನುವುದೂ ಅವನಿಗೆ ಅಭ್ಯಾಸವಿಲ್ಲ,
ಯಾರೂ ಅಡ್ಡ ನಿಂತವರಲ್ಲ.
ಮೋರ್ವೆನ್ ಅವನ ಪಾದ ನೋಡಿದಳು,
ಪ್ಯಾಂಟಿನ ಕೆಳಗೊಂದು ಹಸಿರು ಕಾಲುಚೀಲ.

ಕುದುರೆ ನೀವೇ, ಅಂದಳು. ಹಿಂಗಾಲು.
ಹೊಲಿಗೆ ಬಿಟ್ಟಾಗ ಕಂಡಿತ್ತು.

ಅವನು ಸುತ್ತ ನೋಡಿದ,
ಬೇರೆ ಯಾರೋ ಬಂದಿರಬೇಕು ಎಂಬಂತೆ.
ಸೈಕಲ್ಲು ನನ್ನ ಕೈಗಿತ್ತ.
ಏನು ಬರೆಯಲಿ, ಅಂತ ಕೇಳಿದ್ದು ನನ್ನನ್ನು.
ಹತ್ತೊಂಬತ್ತು ವರ್ಷದ ನಿಯಮಗಳಲ್ಲಿ ಹುಡುಕಿದೆ,
ಅದಕ್ಕೊಂದೂ ಇರಲಿಲ್ಲ.

ಪೆನ್ನು ಬೆಚ್ಚಗಿತ್ತು. ಬರೆಯಿತು.
ಬ್ಯಾಂಕಿನ ಅರ್ಜಿಗೆಂಬಂತೆ ನಿಧಾನ, ಪೂರ್ತಿ ಹೆಸರು,
ರಾಜಕುಮಾರಿಗೆಂದು ಬಿಟ್ಟ ಜಾಗದ ತುಂಬ,
ಕೆಳಗೊಂದು ಗೊರಸು.

ಚೆನ್ನಾಗಿತ್ತು, ಅಂದಳು ಹುಡುಗಿ.
ಆಮೇಲೆ ನನ್ನ ಕಡೆ ಒಮ್ಮೆ ನೋಡಿ,
ಮೆಟ್ಟಿಲಿಳಿಯುವಾಗ ಮುಂಗಾಲು ಎಡವಿತಲ್ಲ,
ನೀವು ನಿಂತಿರಿ. ಅದು.

ಬಸ್ಸು ತಪ್ಪಿತೋ ಸಿಕ್ಕಿತೋ ತಿಳಿಯದು.
ಕೋಲಂ ಸೈಕಲ್ಲು ಮರೆತು
ಮೂಲೆಯ ಚಿಪ್ಸ್ ಅಂಗಡಿಯವರೆಗೂ ನಡೆದು,
ವಾಪಸು ಬಂದ.